ಅಪ್‌ಡೇಟ್: ಅಜ್ಜ ಯುದ್ಧದ ನಡುವೆ ರಜೆಗೆ ಬಂದಿದ್ದರೇ?

ಎರಡನೆಯ ಮಹಾಯುದ್ಧದಲ್ಲಿ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರ್ ಪಡೆಯಲ್ಲಿದ್ದ ನಮ್ಮ ಅಜ್ಜ ನಡುವೆ ಊರಿಗೆ ರಜೆಯ ಮೇಲೆ ಬಂದಿದ್ದರೇ ಎಂದು ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ; ಹೌದು, ಬಂದಿದ್ದರು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಿಂದ ಪ್ರಯೋಜನವಾಗಲಿಲ್ಲ, ಏಕೆಂದರೆ ಅದರಲ್ಲಿರುವುದು ಮಡಿದವರ ಹೆಸರುಗಳು, ನಮ್ಮಜ್ಜನೋ ಬದುಕಿ ಬಂದು ಅರಸೀಕೆರೆಯ ಬಳಿ ತೆಂಗಿನ ತೋಟ ಮಾಡಿದವರು. ಕೈಹಿಡಿದದ್ದು, ಮೊದಲು ಸೈನ್ಯದಲ್ಲಿ ಅವರಿಗಿದ್ದ ಗುರುತಿನ ಸಂಖ್ಯೆಯನ್ನು ಹುಡುಕಿ ಎಂದು ನಿಮ್ಮಲ್ಲೊಬ್ಬರು ಕೊಟ್ಟ ಸಲಹೆ. ದೊಡ್ಡಮ್ಮನ ಟ್ರಂಕಿನಲ್ಲಿ, ಹಳೆಯ ಪಹಣಿಗಳ ಅಡಿಯಲ್ಲಿದ್ದ, ಸೈನ್ಯದಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಪುಸ್ತಕದಲ್ಲಿ ಅದು ಸಿಕ್ಕಿತು. ಅದರ ನಕಲನ್ನು ಲಗತ್ತಿಸಿ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ (ಮದ್ರಾಸ್ ಸ್ಯಾಪರ್ಸ್ ಎಂದರೆ ಇದೇ) ದಾಖಲೆ ಕಚೇರಿಗೆ ಪತ್ರ ಬರೆದೆ. ಅವರ ಉತ್ತರದಲ್ಲಿ 1944ರ ಬೇಸಿಗೆಯ ರಜೆಯೂ ಅರಸೀಕೆರೆಯವರೆಗಿನ ರೈಲು ವಾರಂಟೂ (ಸೈನ್ಯ ಕೊಡುವ ಪ್ರಯಾಣ ಪತ್ರ) ನಮೂದಾಗಿವೆ. ಅಪ್ಪ ಹುಟ್ಟಿದ್ದು 1945ರ ಆರಂಭದಲ್ಲಿ, ಲೆಕ್ಕ ಸರಿಹೋಯಿತು. ನಾವು ಯಾರೂ ಊಹಿಸದಿದ್ದದ್ದೆಂದರೆ, ವಾರಸುದಾರರ ಜಾಗದಲ್ಲಿ ಅಜ್ಜಿಯ ಹೆಸರಿಲ್ಲ, ಮುತ್ತಜ್ಜಿಯ, ಅಂದರೆ ಅಜ್ಜನ ತಾಯಿಯ, ಹೆಸರಿದೆ; ಮದುವೆಯಾಗಿದ್ದೇ ಆ ರಜೆಯಲ್ಲಂತೆ.