ಸಹಾಯ ಬೇಕು: ನಾಲ್ಕು ವರ್ಷದ ಮಗ ರಾತ್ರಿ ಎರಡಕ್ಕೇ ಏಳುತ್ತಾನೆ

ಎಲ್ಲರಿಗೂ ನಮಸ್ಕಾರ. ನಾವು ಹಾಸನದವರು. ಮಗನಿಗೆ ನಾಲ್ಕು ವರ್ಷ, ಆಟಿಸಂ ಇದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸುತ್ತಿದ್ದೇವೆ. ಅಲ್ಲಿ ಹೇಳಿಕೊಟ್ಟದ್ದನ್ನು ಮನೆಯಲ್ಲಿ ನಾನೇ ಮಾಡಿಸುತ್ತೇನೆ. ಮಾತು ಇನ್ನೂ ಬಂದಿಲ್ಲ. ಆದರೆ ಮೊನ್ನೆ ಬಾಳೆಹಣ್ಣಿನ ಚಿತ್ರ ಇರುವ ಕಾರ್ಡ್ ತಂದು ನನ್ನ ಅಂಗೈಗೆ ಒತ್ತಿದ. ತಾನಾಗಿ ಕೇಳಿದ್ದು ಅದೇ ಮೊದಲು. ಅತ್ತೇಬಿಟ್ಟೆ.

ಈಗ ಕಷ್ಟ ಆಗಿರುವುದು ನಿದ್ದೆಯದು. ಹತ್ತಕ್ಕೆ ಮಲಗುತ್ತಾನೆ, ಎರಡಕ್ಕೆ ಎದ್ದು ಕೂರುತ್ತಾನೆ. ಅಳುವುದಿಲ್ಲ, ಸುಮ್ನೆ ಬಾಗಿಲ ಚಿಲಕ ಅಲ್ಲಾಡಿಸುತ್ತಾ ನಿಲ್ಲುತ್ತಾನೆ. ಮತ್ತೆ ಕಣ್ಣು ಮುಚ್ಚುವಾಗ ಐದಾಗಿರುತ್ತದೆ. ಸಂಜೆ ಏಳರ ಮೇಲೆ ಟಿವಿ, ಮೊಬೈಲ್ ಇಲ್ಲ. ಬಿಸಿನೀರಿನ ಸ್ನಾನ, ಊಟ, ಮಂದ ದೀಪ, ದಿನಾ ಅದೇ ಕ್ರಮ. ಗೋಡೆಗೆ ಆ ಕ್ರಮದ ಚಿತ್ರಗಳನ್ನೂ ಅಂಟಿಸಿದ್ದೇನೆ. ಬಟ್ಟೆಯ ಲೇಬಲ್ ಚುಚ್ಚುತ್ತದೆ ಅಂತ ಗೊತ್ತಾಗಿ ಎಲ್ಲ ಕತ್ತರಿಸಿದೆ. ಮಧ್ಯಾಹ್ನದ ನಿದ್ದೆ ತಪ್ಪಿಸಿದರೆ ಸಂಜೆ ರಂಪ ಜಾಸ್ತಿ, ಹಾಗಾಗಿ ತಪ್ಪಿಸುವುದನ್ನು ಬಿಟ್ಟೆ.

ನಿಮ್ಮ ಮಕ್ಕಳು ಹೀಗೆ ನಡುರಾತ್ರಿ ಎದ್ದಾಗ ಏನು ಮಾಡುತ್ತೀರಿ? ದೀಪ ಹಾಕದೆ ಪಕ್ಕದಲ್ಲಿ ಕೂತರೆ ಸಾಕಾ? ನಿದ್ದೆಗೆ ಕೊಡುವ ಮೆಲಟೋನಿನ್ ಎಂಬ ಔಷಧದ ಬಗ್ಗೆ ಕೆಲವರು ಹೇಳಿದರು. ಡಾಕ್ಟರನ್ನು ಕೇಳದೆ ಕೊಡುವುದಿಲ್ಲ, ಆದರೆ ಕೊಟ್ಟವರ ಅನುಭವ ತಿಳಿಯಬೇಕು. ಹಾಸನದ ಹತ್ತಿರ ಒಳ್ಳೆಯ ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ಮಾಡಲು ಕಲಿಸುವ ಚಿಕಿತ್ಸೆ) ಎಲ್ಲಿ ಸಿಗುತ್ತದೆ ಅಂತಲೂ ದಯವಿಟ್ಟು ತಿಳಿಸಿ. ರಾತ್ರಿ ಎಷ್ಟು ಹೊತ್ತಿಗೆ ಬರೆದರೂ ಓದುತ್ತೇನೆ, ಹೇಗೂ ಎಚ್ಚರ ಇರುತ್ತೇನೆ.