ಸ್ವಿಫ್ಟ್ ಹೈವೇಲಿ ತೇಲಾಡ್ತೈತೆ, ಲೋವರಿಂಗ್ ಸ್ಪ್ರಿಂಗ್ ಹಾಕಿಸ್ಲಾ?

ದಾವಣಗೆರೆ ಸ್ವಿಫ್ಟ್:
ಎಲ್ಲರಿಗೂ ನಮಸ್ಕಾರ. ನಂದು 2016ರ ಸ್ವಿಫ್ಟ್ ವಿಡಿಐ (ಡೀಸೆಲ್ ಕಾರು), 1 ಲಕ್ಷದ 12 ಸಾವಿರ ಕಿಲೋಮೀಟರ್ ಓಡೈತೆ. ವಾರಕ್ಕೆ ಐದು ದಿನ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಡ್ಯೂಟಿಗೆ ಹೋಗಿ ಬರ್ತೀನಿ, ಅಂದ್ರೆ ದಿನಕ್ಕೆ ಹೆಚ್ಚೂಕಮ್ಮಿ 120 ಕಿಲೋಮೀಟರ್. ಒಂದು ವರ್ಷದಿಂದ ತೊಂಬತ್ತು ದಾಟಿದ್ರೆ ಗಾಡಿ ತೇಲಾಡ್ತೈತೆ, ಭರಮಸಾಗರ ದಾಟಿದ್ಮೇಲೆ ಅಡ್ಡಗಾಳಿ ಹೊಡೆದ್ರಂತೂ ಸ್ಟೇರಿಂಗ್ ಬಿಗಿಯಾಗಿ ಹಿಡ್ಕೊಂಡೇ ಕೂರ್ಬೇಕು. ಸರ್ವೀಸ್ ರೋಡ್ ಕಡೆ ತಿರುಗಿಸ್ದಾಗ ಬಾಡಿ ವಾಲ್ತದೆ, ಹಿಂದೆ ಕೂತ ಅಮ್ಮ ಹೊಟ್ಟೆ ತೊಳೆಸ್ತದೆ ಅಂತಾರೆ. ಪಿ.ಬಿ. ರೋಡ್ ಹತ್ರ ಒಂದು ಅಂಗಡೀಲಿ ಗಾಡೀನ 40 ಎಂಎಂ ತಗ್ಗಿಸೋ ಗಿಡ್ಡ, ಗಟ್ಟಿ ಲೋವರಿಂಗ್ ಸ್ಪ್ರಿಂಗ್ ಹಾಕ್ಸಿ, ಎಲ್ಲ ಸರಿ ಹೋಗ್ತದೆ ಅಂದ್ರು. ಹಾಕಿಸ್ಲಾ? ಅನುಭವ ಇರೋರು ಹೇಳ್ರಿ.

ದುರ್ಗದ ಗ್ಯಾರೇಜು:
ಬೇಡ ಅಣ್ಣಾ, ಸ್ವಲ್ಪ ತಡೀರಿ. ಗಾಡಿ ತೂಕ ಹೊರೋದು ಸ್ಪ್ರಿಂಗು, ಆ ಸ್ಪ್ರಿಂಗ್ ಕುಣಿಯೋದನ್ನ ತಡೆಯೋದು ಶಾಕ್ ಅಬ್ಸಾರ್ಬರ್ರು. ನಿಮ್ಮ ಗಾಡಿ ಓಡಿರೋ ಲೆಕ್ಕಕ್ಕೆ ಶಾಕ್ ಸೋತಿರೋ ಸಾಧ್ಯತೆ ಜಾಸ್ತಿ. ಸೋತ ಶಾಕ್ ಮೇಲೆ ಗಟ್ಟಿ ಸ್ಪ್ರಿಂಗ್ ಕೂರಿಸಿದ್ರೆ ಕುಣಿತ ಇನ್ನೂ ಜಾಸ್ತಿ ಆಗ್ತದೆ ಹೊರತು ಕಮ್ಮಿ ಆಗಲ್ಲ. ಅದ್ರ ಮೇಲೆ ನಿಮ್ಮ ಮಾಡೆಲ್‌ಗೆ ಗ್ರೌಂಡ್ ಕ್ಲಿಯರೆನ್ಸ್ ಇರೋದೇ 170 ಎಂಎಂ, ಅದ್ರಲ್ಲಿ 40 ಹೋದ್ರೆ ನಾಲ್ಕು ಜನ ಕೂತು ಹಳ್ಳಿ ಹಂಪ್ ಹತ್ತಿಸಿದಾಗ ಹೊಟ್ಟೆ ಉಜ್ಜೋದು ಗ್ಯಾರಂಟಿ.

ಮೊದ್ಲು ಮನೆ ಮುಂದೆನೇ ಒಂದು ಪರೀಕ್ಷೆ ಮಾಡ್ರಿ. ಬಾನೆಟ್ ಮೂಲೆ ಒತ್ತಿ ಬಿಡ್ರಿ, ಒಂದ್ಸಲ ಎದ್ದು ನಿಂತ್ರೆ ಪರವಾಗಿಲ್ಲ, ಎರಡು ಮೂರು ಸಲ ಕುಣಿದ್ರೆ ಶಾಕ್ ಹೋಗೈತೆ ಅಂತ ತಿಳ್ಕೊಳ್ರಿ. ಕುಣಿಯಲಿಲ್ಲ ಅಂತ ಶಾಕ್ ಚೆನ್ನಾಗೈತೆ ಅನ್ಕೋಬೇಡ್ರಿ, ಬಗ್ಗಿ ನೋಡ್ರಿ, ಶಾಕ್ ಬಾಡಿ ಮೇಲೆ ಎಣ್ಣೆ ಇಳಿದು ಧೂಳು ಮೆತ್ಕೊಂಡಿದ್ರೆ ಬದಲಾಯಿಸ್ಲೇಬೇಕು. ಲೋವರ್ ಆರ್ಮ್ ಬುಷ್ (ಚಕ್ರ ಹಿಡಿಯೋ ಕೆಳಗಿನ ತೋಳಿನ ರಬ್ಬರ್), ಬಾಲ್ ಜಾಯಿಂಟ್, ಲಿಂಕ್ ರಾಡ್, ಸ್ಟ್ರಟ್ ಮೌಂಟ್ (ಸ್ಟ್ರಟ್ ಅಂದ್ರೆ ಮುಂದಿನ ಶಾಕ್-ಸ್ಪ್ರಿಂಗ್ ಜೋಡಣೆ, ಅದನ್ನ ಮೇಲೆ ಬಾಡಿಗೆ ಕೂರಿಸೋ ಭಾಗ) ಎಲ್ಲ ಒಟ್ಟಿಗೆ ಚೆಕ್ ಮಾಡ್ಸಿ. ಹೊಸ ಶಾಕ್ ಹಾಕ್ಸೋದಾದ್ರೆ ಮುಂದಿನ ಎರಡೂ ಜೋಡಿಯಾಗಿ, ಹಿಂದಿನ ಎರಡೂ ಜೋಡಿಯಾಗಿ. ಬುಷ್ ಹಾಕಿಸಿದ್ರೆ ಬೋಲ್ಟ್ ಕೊನೇ ಟೈಟ್ ಮಾಡೋದು ಗಾಡಿ ನೆಲದ ಮೇಲೆ ನಿಂತಾಗ. ಲಿಫ್ಟ್ ಮೇಲೆ ಚಕ್ರ ಜೋತಾಡ್ತಿರೋವಾಗ ಬಿಗಿದ್ರೆ, ಇಳಿಸಿದ ತಕ್ಷಣ ರಬ್ಬರ್ ತಿರುಚಿಕೊಂಡು ಬೇಗ ಹರಿದು ಹೋಗ್ತದೆ. ಇದು ಬಹಳ ಕಡೆ ಮಾಡಲ್ಲ, ನೀವೇ ನಿಂತು ಹೇಳಿ ಮಾಡಿಸ್ಕೊಳ್ರಿ.

ಹೊಳಲ್ಕೆರೆ ರೂಟ್:
ಮೇಲಿನವರು ಹೇಳಿದ್ದು ಸತ್ಯ. ನಾನು ಎರಡು ವರ್ಷ ಲೋವರಿಂಗ್ ಸ್ಪ್ರಿಂಗ್ ಹಾಕ್ಕೊಂಡು ಓಡಿಸ್ದೋನು. ನುಣುಪು ರೋಡಲ್ಲಿ ಮಸ್ತ್ ಇತ್ತು, ಅದನ್ನ ಸುಳ್ಳು ಹೇಳಲ್ಲ, ತಿರುವಲ್ಲಿ ಗಾಡಿ ಅಂಟ್ಕೊಂಡಂಗೆ ಹೋಗ್ತಿತ್ತು. ಆದ್ರೆ ಗುಂಡಿಗೆ ಬಿದ್ರೆ ಬಂಪ್ ಸ್ಟಾಪ್‌ಗೆ (ಸಸ್ಪೆನ್ಶನ್ ಪೂರ್ತಿ ಕುಗ್ಗಿದಾಗ ತಡೆಯೋ ರಬ್ಬರ್ ತುಂಡು) ದಡ್ ಅಂತ ಹೊಡೀತಿತ್ತು, ಕೊನೆಗೆ ಹಿಂದಿನ ಒಂದು ಶಾಕ್ ಸೀಲ್ ಒಡೆದೋಯ್ತು. ತೆಗೆದು ಹಳೇ ಸ್ಪ್ರಿಂಗೇ ಹಾಕ್ಸಿದೆ. ನಿಜವಾಗ್ಲೂ ವ್ಯತ್ಯಾಸ ಕಂಡಿದ್ದು ಟೈರಲ್ಲಿ. ನಿಮ್ಮದು 165/80 ಆರ್14 ಅಲ್ವಾ, ಆ ಟೈರಿನ ಎತ್ತರದ ಪಕ್ಕದ ಗೋಡೆ ತಿರುವಲ್ಲಿ ಮಡಚ್ಕೊಳ್ತದೆ. ಇದೇ ಗಾಡಿಯ ಮೇಲಿನ ಮಾಡೆಲ್ ಝಡ್‌ಡಿಐಗೆ ಆಗ ಕಂಪನಿಯಿಂದನೇ ಬರ್ತಿದ್ದ, ಗೋಡೆ ಗಿಡ್ಡ ಇರೋ 185/65 ಆರ್15 ರಿಮ್ ಸಮೇತ ಹಾಕಿದ್ರೆ ಹಿಡಿತ ಬೇರೆನೇ.

ಗಾಳಿ ಪ್ರೆಷರ್ ಮಾತ್ರ ಬೆಳಗ್ಗೆ ಟೈರ್ ತಣ್ಣಗಿರೋವಾಗ್ಲೇ ನೋಡ್ರಿ.

ದಾವಣಗೆರೆ ಸ್ವಿಫ್ಟ್:
ಎಲ್ರಿಗೂ ಥ್ಯಾಂಕ್ಸ್, ನಿನ್ನೆ ಭಾನುವಾರ ಬೇರೆ ಮೆಕ್ಯಾನಿಕ್ ಹತ್ರ ತೋರಿಸ್ದೆ. ಸರಳು ಹಾಕಿ ಎಡಗಡೆ ಲೋವರ್ ಆರ್ಮ್ ಎತ್ತಿದ್ರೆ ಹಿಂದಿನ ಬುಷ್ ರಬ್ಬರ್ ಬಾಯಿ ಬಿಟ್ಕೊಂಡಿತ್ತು, ಬೆರಳಿನ ಉಗುರು ಹೋಗುವಷ್ಟು ಸೀಳು! ಮುಂದಿನ ಎರಡೂ ಶಾಕಲ್ಲಿ ಎಣ್ಣೆ ಇಳಿದಿತ್ತು. ಹಿಂದಿನವು ಚೆನ್ನಾಗಿವೆ. ಈಗ ಸ್ಟಾಕ್ (ಕಂಪನಿಯಿಂದ ಬಂದಂಥದ್ದೇ) ಶಾಕ್, ಎರಡು ಕಡೆ ಬುಷ್, ಮೌಂಟ್ ಆರ್ಡರ್ ಮಾಡಿದೀನಿ. ಸ್ಪ್ರಿಂಗ್ ಯೋಚನೆ ಬಿಟ್ಟೆ. ಬೋಲ್ಟ್ ಬಿಗಿಯೋ ವಿಷ್ಯ ಅವರಿಗೆ ಹೇಳ್ದೆ, ಒಪ್ಕೊಂಡ್ರು. ವೀಲ್ ಅಲೈನ್‌ಮೆಂಟ್ (ಚಕ್ರದ ಕೋನ ಸರಿ ಮಾಡೋದು) ಅದೇ ದಿನ ಮಾಡಿಸ್ಲಾ, ಇಲ್ಲ ಸ್ವಲ್ಪ ಓಡಿಸ್ಲಾ?

ದುರ್ಗದ ಗ್ಯಾರೇಜು:
ಸ್ಟ್ರಟ್ ಬಿಚ್ಚಿದ್ರೆ ಮುಂದಿನ ಚಕ್ರದ ಕೋನ ಬದಲಾಗೇ ಆಗ್ತದೆ, ಅದಕ್ಕೆ ಅದೇ ದಿನ ಮಾಡ್ಸಿಬಿಡ್ರಿ, ಇಲ್ಲಾಂದ್ರೆ ಟೈರ್ ಒಂದೇ ಕಡೆ ತಿಂದೋಗ್ತದೆ. ಆಮೇಲೆ ಭರಮಸಾಗರದ ಗಾಳೀಲಿ ಓಡ್ಸಿ ಹೆಂಗೈತೆ ಅಂತ ಹೇಳ್ರಿ.