ಫುಟ್‌ಬಾಲ್ ನೋಡಲು ಹೋದವರೆಲ್ಲ ಪುಂಡರಾ?

ಶಂಕರ ಕಾಕಾ: (ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ವಿಡಿಯೊ ಫಾರ್ವರ್ಡ್) ನಿನ್ನೆ ಕೋಲ್ಕತ್ತಾದಲ್ಲಿ ಫುಟ್‌ಬಾಲ್ ಅಭಿಮಾನಿಗಳ ಪುಂಡಾಟ!! ಪೊಲೀಸರಿಂದ ತಕ್ಕ ಪಾಠ. ಮಕ್ಕಳನ್ನು ಸ್ಟೇಡಿಯಂಗೆ ಕಳಿಸುವ ಮುಂಚೆ ಈ ವಿಡಿಯೊ ತೋರಿಸಿ.

ಶಂಕರ ಕಾಕಾ: ವಿನಾಯಕ, ಇದು ನಿನಗೇ ಹಾಕಿದ್ದು.

ಮಾಲಾ ಅತ್ತಿ: ಅಯ್ಯೋ ದೇವರೇ 🙏 ವಿನ್ಯಾ, ಬೆಂಗಳೂರಿನ ಮ್ಯಾಚಿಗೆ ಹೋಗಬೇಡಪ್ಪ.

ಸ್ಮಿತಾ: ಕಾಕಾ, ಇದು ಎಲ್ಲಿಂದ ಬಂತು? ಯಾವ ಪೇಪರಿನಲ್ಲಿದೆ?

ಶಂಕರ ಕಾಕಾ: ನಮ್ಮ ವಾಕಿಂಗ್ ಗ್ರೂಪಿನಲ್ಲಿ ಬಂದಿದೆ. ಎಲ್ಲರೂ ದೊಡ್ಡ ಹುದ್ದೆಯಲ್ಲಿದ್ದವರು.

ಸ್ಮಿತಾ: ನಿನ್ನೆಯದಲ್ಲ ರೀ. ಹುಡುಗರ ಕೈಯಲ್ಲಿರುವ ಬೋರ್ಡ್ ಓದಿ, ಆರ್.ಜಿ. ಕರ್ ಆಸ್ಪತ್ರೆ ಅಂತಿದೆ. ಅದು 2024ರ ಆಗಸ್ಟ್ 18. ಅವತ್ತು ಮ್ಯಾಚೇ ನಡೆಯಲಿಲ್ಲ. ಡ್ಯುರಾಂಡ್ ಕಪ್ ಫುಟ್‌ಬಾಲ್ ಟೂರ್ನಿಯಲ್ಲಿ ಕೋಲ್ಕತ್ತಾದ ಎದುರಾಳಿ ತಂಡಗಳಾದ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಆಡಬೇಕಿತ್ತು, ಬಂದೋಬಸ್ತ್ ಕಷ್ಟ ಅಂತ ರದ್ದಾಯಿತು. ಆ ಆಸ್ಪತ್ರೆಯಲ್ಲಿ ಕೊಲೆಯಾದ ಡಾಕ್ಟರ್ ಹುಡುಗಿಗೆ ನ್ಯಾಯ ಕೊಡಿ ಅಂತ ಎರಡೂ ಕಡೆಯವರು ಸಾಲ್ಟ್ ಲೇಕ್ ಸ್ಟೇಡಿಯಂ ಹೊರಗೆ ಒಟ್ಟಿಗೆ ನಿಂತರು, ಆಗ ಲಾಠಿ ಬೀಸಿದ್ದು. ಬಾಗಾನ್‌ನ ಹಸಿರು-ಮರೂನ್ ಜರ್ಸಿಯವನು ಈಸ್ಟ್ ಬೆಂಗಾಲ್‌ನ ಕೆಂಪು-ಹಳದಿ ಜರ್ಸಿಯವನ ತೋಳು ಹಿಡಿದು ಏಟಿನಿಂದ ಆಚೆ ಎಳೆಯುತ್ತಿದ್ದಾನೆ ನೋಡಿ. ಬೇರೆ ದಿನ ಒಬ್ಬರನ್ನೊಬ್ಬರು ಬೈಯುವವರು ಅವರು. ಇದು ಪುಂಡಾಟವಾ?

ವಸಂತ ಮಾಮಾ: ಪೊಲೀಸರು ಸುಮ್ನೆ ಯಾಕೆ ಹೊಡೆಯುತ್ತಾರೆ? ಸಾವಿರಾರು ಜನ ಸೇರಿದರೆ ಶಿಸ್ತು ಬೇಡವೇ? ನಾವು ಹಿರಿಯರ ಎದುರು ಶಿಳ್ಳೆ ಕೂಡ ಹಾಕುತ್ತಿರಲಿಲ್ಲ.

ರಾಘು: ಮಾಮಾ, ನನಗೆ ಶಿಳ್ಳೆ ಕಲಿಸಿದ್ದೇ ನೀವಲ್ವಾ! ಹುಬ್ಬಳ್ಳಿ ರೈಲ್ವೆ ಮೈದಾನದಲ್ಲಿ, ಸೈಕಲ್ ಕ್ಯಾರಿಯರ್ ಮೇಲೆ ನಿಲ್ಲಿಸಿ ಮ್ಯಾಚ್ ತೋರಿಸುತ್ತಿದ್ದಿರಿ. ಆಮೇಲೆ ಗಿರ್ಮಿಟ್, ಮಿರ್ಚಿ. ಆ ಗಿರ್ಮಿಟ್ ಈಗ ಎಲ್ಲಿ ಸಿಗುತ್ತದೆ ಹೇಳಿ.

ಮಾಲಾ ಅತ್ತಿ: ದುರ್ಗದ ಬೈಲಿನಲ್ಲಿ ಸಿಗುತ್ತದೆ. ಆದರೆ ಆ ರುಚಿ ಇಲ್ಲ.

ಸ್ಮಿತಾ: ರಾಘಣ್ಣ, ಒಂದ್ನಿಮಿಷ. ಮಾಮಾ, ಸುಮ್ನೆ ಹೊಡೆಯುವುದಿಲ್ಲ ಅಂದಿರಲ್ಲ. ಇಂಗ್ಲೆಂಡಿನ ಹಿಲ್ಸ್‌ಬರೋ ಫುಟ್‌ಬಾಲ್ ಸ್ಟೇಡಿಯಂ, 1989ರ ಏಪ್ರಿಲ್ 15. ಹೊರಗೆ ನೂಕುನುಗ್ಗಲಾದಾಗ ದೊಡ್ಡ ಗೇಟು ತೆಗೆಸಿದ್ದು ಪೊಲೀಸರೇ. ಒಳಗೆ ಆಗಲೇ ತುಂಬಿ ಹೋಗಿದ್ದ ಕಡೆಗೇ ಜನ ಹರಿದರು, ಆ ದಾರಿಗೆ ಯಾರೂ ಅಡ್ಡ ನಿಲ್ಲಲಿಲ್ಲ. ಕಬ್ಬಿಣದ ಬೇಲಿಗೆ ಒತ್ತಿ ಉಸಿರುಗಟ್ಟಿ ಸತ್ತರು. ಒಟ್ಟು 97 ಜನ. ಆಮೇಲೆ ಅಭಿಮಾನಿಗಳೇ ಗೇಟು ನುಗ್ಗಿದರು ಅಂತ ಪೊಲೀಸ್ ಅಧಿಕಾರಿಗಳು ಸುಳ್ಳು ಹೇಳಿದರು, ತಮ್ಮ ಪೊಲೀಸರ ಹೇಳಿಕೆಗಳನ್ನೇ ತಿದ್ದಿದರು. ಅಭಿಮಾನಿಗಳ ತಪ್ಪಿಲ್ಲ ಅಂತ ಜ್ಯೂರಿ ಹೇಳಿದ್ದು 2016ರಲ್ಲಿ. 27 ವರ್ಷ ಆ ಮನೆಯವರು ಈ ಮಾತು ಕೇಳಿಸಿಕೊಂಡರು, ಪುಂಡರು, ಕುಡುಕರು ಅಂತ.

ಶಂಕರ ಕಾಕಾ: ಇಂಗ್ಲೆಂಡ್ ಕಥೆ ಇಲ್ಲಿ ಯಾಕೆ?

ಸ್ಮಿತಾ: ಇಲ್ಲಿಯದೇ ಹೇಳಲಾ? 2025ರ ಜೂನ್ 4, ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ 11 ಜನ ಸತ್ತರು. ಅವತ್ತೂ ನೀವು ಇದೇ ಗ್ರೂಪಿನಲ್ಲಿ ಹಾಕಿದ್ದಿರಿ, ಮನೆಯಲ್ಲಿ ಟಿವಿ ಇರಲಿಲ್ಲವಾ ಅಂತ. ನನಗೆ ಮರೆತಿಲ್ಲ.

ಶಂಕರ ಕಾಕಾ: ಅಜ್ಜನ ಶ್ರಾದ್ಧ ಬಿಟ್ಟು ಮ್ಯಾಚಿಗೆ ಹೋದವನ ಪರ ಮಾತಾಡು ನೀನು. ಮನೆಯ ಹಿರಿಯರಿಗೆ ಬೆಲೆಯೇ ಇಲ್ಲ.

ವಸಂತ ಮಾಮಾ: ಶಂಕರನ ಮಾತು ಸರಿ.

ವಿನಾಯಕ: ಶ್ರಾದ್ಧ ಶುಕ್ರವಾರ ಇತ್ತು ಕಾಕಾ, ಮ್ಯಾಚ್ ಶನಿವಾರ. ರಜೆ ಸಿಗಲಿಲ್ಲ. ನಾನು ಹೋದ ಸ್ಟೇಡಿಯಂನಲ್ಲಿ ನೀರಿನ ಬಾಟಲಿ ಕಿತ್ತುಕೊಂಡರು, ಬಾವುಟದ ಕೋಲು ತೆಗೆಸಿದರು, ಪರವಾಗಿಲ್ಲ. ಮ್ಯಾಚ್ ಮುಗಿದ ಮೇಲೆ ಅಷ್ಟೂ ಜನಕ್ಕೆ ಒಂದೇ ಗೇಟು. ಪಕ್ಕದ ಎರಡಕ್ಕೆ ಬೀಗ. ನನ್ನ ಮುಂದೆ ಒಬ್ಬರು ಮಗುವನ್ನು ತಲೆ ಮೇಲೆ ಎತ್ತಿ ಹಿಡಿದಿದ್ದರು. ಬೀಗ ತೆಗೆಯಿರಿ ಸರ್ ಅಂದಿದ್ದಕ್ಕೆ ಲಾಠಿ ತೋರಿಸಿದರು. ಟಿಕೆಟ್ ತೆಗೆದುಕೊಂಡವನಿಗೆ ಹೊರಗೆ ಹೋಗುವ ದಾರಿ ಕೇಳುವ ಹಕ್ಕೂ ಇಲ್ವಾ?

ಮಾಲಾ ಅತ್ತಿ: ಇದನ್ನು ನಮಗೆ ಹೇಳಲೇ ಇಲ್ಲವಲ್ಲೋ 😢

ರಾಘು: ಇಂಡೋನೇಷ್ಯಾದಲ್ಲೂ 2022ರಲ್ಲಿ ಹೀಗೇ. ಪೊಲೀಸರು ಅಶ್ರುವಾಯು ಬಿಟ್ಟರು, ಜನ ಗೇಟಿಗೆ ಓಡಿದರು, 135 ಸಾವು. ಸ್ಟೇಡಿಯಂ ಒಳಗೆ ಅಶ್ರುವಾಯು ಬೇಡ ಅಂತ ಫಿಫಾ ನಿಯಮವೇ ಇದೆ.

ಸ್ಮಿತಾ: ಕಾಕಾ, ವಾಕಿಂಗ್ ಗ್ರೂಪಿಗೂ ಹೇಳಿ, ವಿಡಿಯೊ ಹಳೆಯದು ಅಂತ.

ಶಂಕರ ಕಾಕಾ: ಅದು ನೋಡೋಣ. ಶ್ರಾದ್ಧ ಶುಕ್ರವಾರ ಇತ್ತಾ, ಶನಿವಾರವಾ? ಮಾಲಾ, ಕ್ಯಾಲೆಂಡರ್ ತೆಗೆದು ನೋಡು.